ಅಣುಬಾಂಬಿನ ಪಾಲುದಾರರು: ಅಮೆರಿಕ ಮತ್ತು ಬ್ರಿಟನ್

ಬ್ರಿಟನ್ನಿನ ಬಳಿ ಅಣ್ವಸ್ತ್ರಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಅವನ್ನು ಹೊತ್ತ ನಾಲ್ಕು ಜಲಾಂತರ್ಗಾಮಿ ನೌಕೆಗಳ ಪೈಕಿ ಒಂದಾದರೂ ಸದಾ ಸಮುದ್ರದಾಳದಲ್ಲಿ ಪಹರೆಯ ಮೇಲಿರುತ್ತದೆ. 1969ರಿಂದ ಈ ಪಹರೆ ಮುರಿದಿಲ್ಲವೆಂದು ಅಲ್ಲಿನ ಸರ್ಕಾರ ಹೇಳುತ್ತದೆ. ನೌಕೆಗಳು ಬ್ರಿಟನ್ನಿನಲ್ಲೇ ನಿರ್ಮಾಣವಾದವು. ಸಿಡಿತಲೆಗಳೂ ಅಲ್ಲಿಯವೇ, ಆಲ್ಡರ್‌ಮಾಸ್ಟನ್ ಎಂಬಲ್ಲಿ ತಯಾರಾದವು. ಆದರೆ ಆ ಸಿಡಿತಲೆಗಳನ್ನು ಗುರಿಗೆ ಒಯ್ಯುವ ಟ್ರೈಡೆಂಟ್ ಕ್ಷಿಪಣಿಗಳು ಮಾತ್ರ ಅಮೆರಿಕದಲ್ಲಿ ಮಾಡಿದಂಥವು. ಅವುಗಳ ದಾಸ್ತಾನು ಮತ್ತು ದುರಸ್ತಿ ಅಮೆರಿಕದ ಜಾರ್ಜಿಯಾ ರಾಜ್ಯದ ಕಿಂಗ್ಸ್ ಬೇ ನೆಲೆಯಲ್ಲಿ ನಡೆಯುತ್ತದೆ. ಎರಡೂ ದೇಶಗಳ ಕ್ಷಿಪಣಿಗಳು ಒಂದೇ ಕಣಜದ ಕಾಳಿನಂತೆ ಅಲ್ಲಿ ಬೆರೆತಿವೆ. ಬ್ರಿಟನ್ನಿನ ನೌಕೆ ಅಟ್ಲಾಂಟಿಕ್ ಸಾಗರ ದಾಟಿ ಹೋಗಿ ತನ್ನ ಪಾಲಿನಷ್ಟನ್ನು ತುಂಬಿಕೊಂಡು ಬರುತ್ತದೆ.

ಇಷ್ಟು ಕೇಳಿದ ಕೂಡಲೇ ವಿದ್ಯಾರ್ಥಿಗಳಲ್ಲಿ ಏಳುವ ಪ್ರಶ್ನೆ ಒಂದೇ: ಹಾಗಾದರೆ ಕೀಲಿಕೈ ಯಾರ ಬಳಿ ಇದೆ?

ಇದಕ್ಕೆ ಒಂದು ವಾಕ್ಯದ ಉತ್ತರವನ್ನು ಕೊಡಬಹುದು, ಮುಂದೆ ಕೊಡುತ್ತೇವೆ ಕೂಡ. ಆದರೆ ಆ ಒಂದು ವಾಕ್ಯದ ಹಿಂದೆ ಎಂಬತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆ ಇದೆ. ಅಮೆರಿಕ ಮತ್ತು ಬ್ರಿಟನ್ ಒಂದೇ ಭಾಷೆ ಆಡುವ ದೇಶಗಳು, ಎರಡು ಮಹಾಯುದ್ಧಗಳಲ್ಲಿ ಒಂದೇ ಪಕ್ಷದಲ್ಲಿ ಹೋರಾಡಿದವು. ಅವುಗಳ ನಡುವೆ "ವಿಶೇಷ ಸಂಬಂಧ" ಇದೆಯೆಂದು 1946ರ ಮಾರ್ಚಿಯಲ್ಲಿ ಅಮೆರಿಕದ ಫುಲ್ಟನ್ ಎಂಬ ಊರಿನಲ್ಲಿ ಮಾಡಿದ ಭಾಷಣದಲ್ಲಿ ಚರ್ಚಿಲ್ ಹೇಳಿದರು. ಅಂದಿನಿಂದ ಆ ಮಾತು ರೂಢಿಗೆ ಬಂದಿತು. ಸಂಬಂಧ ವಿಶೇಷವಾದದ್ದೇ, ಸಂಶಯವಿಲ್ಲ. ಆದರೆ ಅಷ್ಟೂ ಕಾಲ ಅದರೊಳಗೆ ಒಂದು ಜಗ್ಗಾಟ ನಡೆದೇ ಇತ್ತು. ಅಸ್ತ್ರವನ್ನು ಯಾರು ಮಾಡಬೇಕು ಎಂಬುದಕ್ಕಿಂತ, ಅದನ್ನು ಬಳಸಲು ಯಾರು ಒಪ್ಪಿಗೆ ಕೊಡಬೇಕು, ಯಾರು "ಬೇಡ" ಎನ್ನಬಹುದು ಎಂಬ ಜಗ್ಗಾಟ ಅದು.

ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಲೆಕ್ಕ

ಅಣುಬಾಂಬು ಎಂದರೆ ಅಮೆರಿಕ ಎಂದೇ ನಾವು ತಿಳಿದಿದ್ದೇವೆ. ಆದರೆ ಬಾಂಬು ಸಾಧ್ಯ ಎಂಬ ಖಚಿತವಾದ ಲೆಕ್ಕ ಮೊದಲು ಬರೆಯಲ್ಪಟ್ಟದ್ದು ಇಂಗ್ಲೆಂಡಿನಲ್ಲಿ. 1940ರ ಮಾರ್ಚ್ ತಿಂಗಳು. ಹಿಟ್ಲರನ ಕಾಟಕ್ಕೆ ಬೇಸತ್ತು ಬಂದ ಆಟೋ ಫ್ರಿಷ್ ಮತ್ತು ರುಡಾಲ್ಫ್ ಪೈಯರ್ಲ್ಸ್ ಎಂಬ ಇಬ್ಬರು ಭೌತವಿಜ್ಞಾನಿಗಳು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದರು. ಹೊರದೇಶದಲ್ಲಿ ಹುಟ್ಟಿದವರೆಂಬ ಕಾರಣಕ್ಕೆ ಅವರನ್ನು ಯುದ್ಧಕಾಲದ ಅತಿ ದೊಡ್ಡ ಗುಟ್ಟಾದ ರೇಡಾರ್ ಕೆಲಸಕ್ಕೆ ಸೇರಿಸಿಕೊಂಡಿರಲಿಲ್ಲ. ಬಿಡುವಿದ್ದುದರಿಂದ ಅವರು ಬೇರೆ ಲೆಕ್ಕಕ್ಕೆ ಕೈಹಾಕಿದರು! ಯುರೇನಿಯಂ 235ನ್ನು ಬೇರ್ಪಡಿಸಿದರೆ ಬಾಂಬಿಗೆ ಟನ್ನುಗಟ್ಟಲೆ ಬೇಕಾಗಿಲ್ಲ, ಕಿಲೋಗಳ ಲೆಕ್ಕದಲ್ಲಿ ಸಾಕು ಎಂದು ಅವರ ಟಿಪ್ಪಣಿ ತೋರಿಸಿತು.

ಈ ಟಿಪ್ಪಣಿಯನ್ನು ಪರಿಶೀಲಿಸಲು ಒಂದು ಸಮಿತಿ ನೇಮಕವಾಯಿತು. ಅದರ ಹೆಸರು ಮಾಡ್ ಸಮಿತಿ. ಹೆಸರಿನ ಕಥೆ ಸ್ವಾರಸ್ಯಕರವಾಗಿದೆ. ಜರ್ಮನರು ಡೆನ್ಮಾರ್ಕನ್ನು ಆಕ್ರಮಿಸಿದಾಗ ನೀಲ್ಸ್ ಬೋರ್ ಕಳಿಸಿದ ತಂತಿ ಸಂದೇಶದ ಕೊನೆಯಲ್ಲಿ "ಮಾಡ್ ರೇ ಕೆಂಟ್" ಎಂಬ ಹೆಸರಿತ್ತು. ಇದೇನೋ ಗೂಢಲಿಪಿ ಇರಬೇಕು, ರೇಡಿಯಂ ಬಗ್ಗೆ ಎಚ್ಚರಿಕೆ ಇರಬೇಕು ಎಂದು ಪಂಡಿತರೆಲ್ಲ ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸಿ ತಲೆ ಕೆಡಿಸಿಕೊಂಡರು. ಕೊನೆಗೆ ನೋಡಿದರೆ ಮಾಡ್ ರೇ ಎಂಬಾಕೆ ಬೋರ್ ಅವರ ಮನೆಯಲ್ಲಿ ಹಿಂದೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆ, ಕೆಂಟ್ ಆಕೆ ಇದ್ದ ಜಿಲ್ಲೆ. 1941ರ ಜುಲೈ ಹೊತ್ತಿಗೆ ಈ ಸಮಿತಿ ತನ್ನ ವರದಿ ಮುಗಿಸಿತು: ಸುಮಾರು 25 ಪೌಂಡು ಯುರೇನಿಯಂ 235 ಇದ್ದರೆ 1,800 ಟನ್ ಸಿಡಿಮದ್ದಿಗೆ ಸಮನಾದ ಹಾನಿ ಮಾಡಬಲ್ಲ ಬಾಂಬನ್ನು ತಯಾರಿಸಬಹುದು.

ಆ ಹೊತ್ತಿಗೆ ಬ್ರಿಟನ್ ತನ್ನ ಇನ್ನೊಂದು ಗುಟ್ಟನ್ನು ಅಮೆರಿಕದ ಕೈಗಿಟ್ಟು ಆಗಿತ್ತು. 1940ರ ಸೆಪ್ಟೆಂಬರಿನಲ್ಲಿ ಹೆನ್ರಿ ಟಿಜಾರ್ಡ್ ಅವರ ನೇತೃತ್ವದ ನಿಯೋಗ ಒಂದು ಕಪ್ಪು ಲೋಹದ ಪೆಟ್ಟಿಗೆಯೊಡನೆ ಅಮೆರಿಕಕ್ಕೆ ಹೋಯಿತು. ಪೆಟ್ಟಿಗೆಯಲ್ಲಿದ್ದ ಮುಖ್ಯ ವಸ್ತು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಮ್ಯಾಗ್ನೆಟ್ರಾನ್. ಸುಮಾರು 10 ಸೆಂಟಿಮೀಟರ್ ಅಲೆಯುದ್ದದ ಪ್ರಬಲ ರೇಡಿಯೋ ಅಲೆಗಳನ್ನು ಹೊಮ್ಮಿಸುವ ಈ ಉಪಕರಣದಿಂದ ವಿಮಾನದೊಳಗೇ ಇಟ್ಟುಕೊಳ್ಳಬಹುದಾದ ಸಣ್ಣ ರೇಡಾರ್ ಸಾಧ್ಯವಾಯಿತು. ಇದಕ್ಕೆ ಪ್ರತಿಯಾಗಿ ಇಂತಿಷ್ಟು ಕೊಡಿ ಎಂದು ಬ್ರಿಟನ್ ಚೌಕಾಸಿ ಮಾಡಲಿಲ್ಲ. ಮಾಡುವ ಸ್ಥಿತಿಯೂ ಅದಕ್ಕಿರಲಿಲ್ಲ. ಫ್ರಾನ್ಸ್ ಸೋತಿತ್ತು, ಲಂಡನ್ ಮೇಲೆ ಬಾಂಬು ಬೀಳುತ್ತಿತ್ತು, ಬೊಕ್ಕಸ ಬರಿದಾಗುತ್ತಿತ್ತು. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕ 50 ಹಳೆಯ ಡಿಸ್ಟ್ರಾಯರ್ ಯುದ್ಧನೌಕೆಗಳನ್ನು ಬ್ರಿಟನ್ನಿಗೆ ಕೊಟ್ಟು, ನ್ಯೂಫೌಂಡ್‌ಲೆಂಡಿನಿಂದ ಕೆರಿಬಿಯನ್ ದ್ವೀಪಗಳವರೆಗೆ ಬ್ರಿಟಿಷ್ ನೆಲದಲ್ಲಿ ಸೇನಾ ನೆಲೆಗಳನ್ನು 99 ವರ್ಷಗಳ ಗುತ್ತಿಗೆಗೆ ಪಡೆಯಿತು. 1941ರ ಮಾರ್ಚ್ 11ರಂದು ಲೆಂಡ್-ಲೀಸ್ ಕಾಯಿದೆ ಜಾರಿಗೆ ಬಂದಿತು. ನೆರೆಮನೆಗೆ ಬೆಂಕಿ ಬಿದ್ದಾಗ ತೋಟದ ನೀರಿನ ಕೊಳವೆ ಕೊಡುವವನು ಮೊದಲು ದುಡ್ಡು ಎಣಿಸು ಎನ್ನುತ್ತಾನೆಯೇ ಎಂದು ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಜನಕ್ಕೆ ಇದನ್ನು ವಿವರಿಸಿದ್ದರು. ಯುದ್ಧ ಮುಗಿಯುವ ವೇಳೆಗೆ ಬ್ರಿಟಿಷ್ ಸಾಮ್ರಾಜ್ಯಕ್ಕೆ ಈ ಬಗೆಯಲ್ಲಿ ಹರಿದು ಬಂದ ನೆರವು ಸುಮಾರು 3,100 ಕೋಟಿ ಡಾಲರ್. ಉದಾರವಾದ ನೆರವು, ನಿಜ. ಆದರೆ ಕೊಡುವ ಕೈ ಯಾವುದು, ಪಡೆಯುವ ಕೈ ಯಾವುದು ಎಂಬುದೂ ಅಲ್ಲಿಗೆ ಸ್ಪಷ್ಟವಾಯಿತು.

ಅಣುಬಾಂಬಿನ ವಿಷಯದಲ್ಲಿ ಮಾತ್ರ ಆಗ ಬ್ರಿಟನ್ ಮುಂದಿತ್ತು. 1941ರ ಅಕ್ಟೋಬರಿನಲ್ಲಿ ರೂಸ್‌ವೆಲ್ಟ್ ಚರ್ಚಿಲ್ಲರಿಗೆ ಪತ್ರ ಬರೆದು, ಈ ಕೆಲಸವನ್ನು ಕೂಡಿ ನಡೆಸೋಣವೇ ಎಂದು ಸೂಚಿಸಿದರು. ಬ್ರಿಟನ್ನಿನಿಂದ ಬೆಚ್ಚನೆಯ ಉತ್ತರ ಬರಲಿಲ್ಲ. ಅಮೆರಿಕನ್ನರಿಗೆ ಗುಟ್ಟು ಕಾಪಾಡಲು ಬರುವುದಿಲ್ಲ ಎಂಬ ಅನುಮಾನ ಕೆಲವರಿಗೆ, ತಮ್ಮ ಮುನ್ನಡೆಯನ್ನು ಹಂಚಿಕೊಳ್ಳುವುದೇಕೆ ಎಂಬ ಭಾವ ಇನ್ನು ಕೆಲವರಿಗೆ. ಒಂದೇ ವರ್ಷದಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕ ಯುದ್ಧಕ್ಕಿಳಿದು ತನ್ನ ಹಣ, ಕಾರ್ಖಾನೆ, ವಿದ್ಯುತ್ತು, ಜನ ಎಲ್ಲವನ್ನೂ ಮ್ಯಾನ್‌ಹ್ಯಾಟನ್ ಯೋಜನೆಗೆ ಸುರಿಯತೊಡಗಿತು. 1942ರ ಜುಲೈ ಕೊನೆಯಲ್ಲಿ, ಈ ಕೆಲಸದ ಉಸ್ತುವಾರಿ ಹೊತ್ತಿದ್ದ ಸಚಿವ ಜಾನ್ ಆಂಡರ್ಸನ್ ಚರ್ಚಿಲ್ಲರನ್ನು ಎಚ್ಚರಿಸಿದರು: ನಮ್ಮ ಮುನ್ನಡೆ ದಿನೇ ದಿನೇ ಕರಗುತ್ತಿರುವ ಬಂಡವಾಳ, ಬೇಗ ಬಳಸದಿದ್ದರೆ ಏನೂ ಉಳಿಯುವುದಿಲ್ಲ ಎಂಬುದು ಅವರ ಮಾತಿನ ಸಾರ. ಎಚ್ಚರಿಕೆ ತಡವಾಗಿತ್ತು. 1943ರ ಆರಂಭದಲ್ಲಿ ಅಮೆರಿಕನ್ನರೇ ಬಾಗಿಲು ಮುಚ್ಚಿದರು. ಬ್ರಿಟಿಷರ ಕೆಲಸಕ್ಕೆ ನೇರವಾಗಿ ಬೇಕಾದ ಮಾಹಿತಿ ಬಿಟ್ಟು ಬೇರೇನನ್ನೂ ಕೊಡಬಾರದೆಂದು ನಿರ್ಧರಿಸಿದರು.

ಕ್ವಿಬೆಕ್ಕಿನ ಕರಾರು

ಚರ್ಚಿಲ್ ಹಟ ಹಿಡಿದು, ಪದೇ ಪದೇ ರೂಸ್‌ವೆಲ್ಟರ ಮನವೊಲಿಸಿ, 1943ರ ಆಗಸ್ಟ್ 19ರಂದು ಕೆನಡದ ಕ್ವಿಬೆಕ್ ನಗರದಲ್ಲಿ ಒಂದು ರಹಸ್ಯ ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡರು. ಈ ಒಪ್ಪಂದದ ಕರಾರುಗಳನ್ನು ಗಮನವಿಟ್ಟು ನೋಡಬೇಕು. ಎರಡೂ ದೇಶಗಳು ಈ ಅಸ್ತ್ರವನ್ನು ಪರಸ್ಪರರ ಮೇಲೆ ಎಂದೂ ಬಳಸತಕ್ಕದ್ದಲ್ಲ. ಮೂರನೆಯವರ ಮೇಲೆ ಬಳಸಬೇಕಾದರೆ ಇನ್ನೊಬ್ಬರ ಒಪ್ಪಿಗೆ ಇರಲೇಬೇಕು. ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಮಾಹಿತಿಯನ್ನೂ ಕೊಡಕೂಡದು. ಇದಕ್ಕೆ ಬದಲಾಗಿ, ಯುದ್ಧಾನಂತರ ಅಣುಶಕ್ತಿಯ ಕೈಗಾರಿಕಾ ಲಾಭದಲ್ಲಿ ಅಮೆರಿಕದ ಅಧ್ಯಕ್ಷರು ನ್ಯಾಯವೆಂದು ಕಂಡಷ್ಟು ಮಾತ್ರ ಬ್ರಿಟನ್ನಿಗೆ ಸಲ್ಲುತ್ತದೆ.

ಅಂದರೆ ಚರ್ಚಿಲ್ ನಾಳಿನ ಲಾಭವನ್ನು ಬಿಟ್ಟುಕೊಟ್ಟು ಒಪ್ಪಿಗೆಯ ಹಕ್ಕನ್ನು ಪಡೆದರು. ಅಮೆರಿಕದ ಅಣುಬಾಂಬಿಗೆ ಬ್ರಿಟನ್ "ಬೇಡ" ಎನ್ನಬಹುದಾಗಿತ್ತು! ಆ ಹಕ್ಕು ಕಾಗದದ ಮೇಲಷ್ಟೇ ಉಳಿಯಲಿಲ್ಲ. 1945ರ ಜುಲೈ 4ರಂದು ವಾಷಿಂಗ್ಟನ್ನಿನಲ್ಲಿ ಸೇರಿದ ಜಂಟಿ ಸಮಿತಿಯಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಬ್ರಿಟನ್ ವಿಧಿವತ್ತಾಗಿ ಒಪ್ಪಿಗೆ ಕೊಟ್ಟಿತು. ಹಿರೋಷಿಮಾದ ಹೊಣೆಯನ್ನು ಅಮೆರಿಕದ ತಲೆಗೆ ಮಾತ್ರ ಕಟ್ಟುವವರು ಈ ದಿನಾಂಕವನ್ನು ಮರೆಯುತ್ತಾರೆ. ಒಪ್ಪಿಗೆಯ ಹಕ್ಕು ಇದ್ದವನಿಗೆ ಹೊಣೆಯೂ ಇರುತ್ತದೆ.

ಒಪ್ಪಂದದ ಬಲದಿಂದ ನ್ಯೂಟ್ರಾನ್ ಕಂಡುಹಿಡಿದ ಜೇಮ್ಸ್ ಚಾಡ್ವಿಕ್ ಅವರ ನಾಯಕತ್ವದಲ್ಲಿ ಬ್ರಿಟಿಷ್ ವಿಜ್ಞಾನಿಗಳ ತಂಡ ಅಮೆರಿಕಕ್ಕೆ ಹೋಯಿತು. ಫ್ರಿಷ್, ಪೈಯರ್ಲ್ಸ್, ಸ್ಫೋಟಗಳ ಪರಿಣಾಮದಲ್ಲಿ ಪರಿಣತರಾದ ವಿಲಿಯಂ ಪೆನ್ನಿ ಮೊದಲಾದವರು ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ದುಡಿದರು. ಜರ್ಮನಿಯಿಂದ ಬಂದು ಬ್ರಿಟಿಷ್ ಪ್ರಜೆಯಾಗಿದ್ದ ಕ್ಲೌಸ್ ಫುಕ್ಸ್ ಕೂಡ ಅದೇ ತಂಡದಲ್ಲಿದ್ದರು. ಇವರ ಹೆಸರು ಮುಂದೆ ಮತ್ತೆ ಬರುತ್ತದೆ.

ಇಲ್ಲಿ ಒಂದು ಮಾತು. ಯುದ್ಧರಂಗದಲ್ಲೂ ಇದೇ ಬಗೆಯ ಜಗ್ಗಾಟವಿತ್ತು. ಎರಡೂ ದೇಶಗಳ ಸೇನಾ ಮುಖ್ಯಸ್ಥರ ಸಂಯುಕ್ತ ಮಂಡಲಿ ವಾಷಿಂಗ್ಟನ್ನಿನಲ್ಲಿ ಕೂತು ಇಡೀ ಯುದ್ಧವನ್ನು ನಡೆಸಿತು. ಎರಡು ಸ್ವತಂತ್ರ ರಾಷ್ಟ್ರಗಳ ಸೇನೆಗಳು ಅಷ್ಟು ಒಗ್ಗೂಡಿ ಹೋರಾಡಿದ ಉದಾಹರಣೆ ಚರಿತ್ರೆಯಲ್ಲಿ ಅಪರೂಪ. ಆದರೂ 1945ರ ಜನವರಿ 7ರ ಒಂದು ಪತ್ರಿಕಾಗೋಷ್ಠಿಯಲ್ಲಿ ಬ್ರಿಟಿಷ್ ದಳಪತಿ ಮಾಂಟ್ಗಮರಿ ಆರ್ಡೆನ್ಸ್ ಕದನವನ್ನು ತಾವೇ ಉಳಿಸಿಕೊಟ್ಟೆವೆಂಬ ಧಾಟಿಯಲ್ಲಿ ಮಾತನಾಡಿ ಅಮೆರಿಕದ ದಳಪತಿಗಳನ್ನು ಕೆಣಕಿದರು. ಹೋರಾಡಿದವರಲ್ಲಿ, ಮಡಿದವರಲ್ಲಿ ಬಹುಪಾಲು ಅಮೆರಿಕನ್ನರೇ ಎಂದು ಚರ್ಚಿಲ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಹೇಳಬೇಕಾಯಿತು.

ನಮ್ಮ ಕಡೆಯ ಯುದ್ಧರಂಗದಲ್ಲಂತೂ ಗುರಿಗಳೇ ಬೇರೆ ಬೇರೆಯಾಗಿದ್ದವು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆಯ ಆಡಳಿತಕ್ಕೆ ವಹಿಸಲಾಯಿತು. ಅಲ್ಲಿ ಅಮೆರಿಕದ ಯುದ್ಧವಿಮಾನಗಳು ದುರಸ್ತಿಯಾಗತೊಡಗಿದವು. ಅಮೆರಿಕಕ್ಕೆ ಭಾರತ ಬೇಕಾಗಿದ್ದುದು ಚೀನಾಕ್ಕೆ ಸಾಮಗ್ರಿ ಸಾಗಿಸಲು. ಬ್ರಿಟನ್ನಿಗೆ ಬೇಕಾಗಿದ್ದುದು ಬರ್ಮಾ, ಮಲಯ, ಸಿಂಗಪುರಗಳನ್ನು ಮರಳಿ ಪಡೆಯುವುದು. ಮೌಂಟ್‌ಬ್ಯಾಟನ್ ಅವರ ಆಗ್ನೇಯ ಏಷ್ಯಾ ಕಮಾಂಡಿನ ಇಂಗ್ಲಿಷ್ ಮೊದಲಕ್ಷರಗಳನ್ನು ಬಿಡಿಸಿ, "ಇಂಗ್ಲೆಂಡಿನ ಏಷ್ಯಾ ವಸಾಹತುಗಳನ್ನು ಉಳಿಸಿ" ಎಂದು ಅಮೆರಿಕದ ಸೈನಿಕರು ತಮಾಷೆ ಮಾಡುತ್ತಿದ್ದರು. ತಮಾಷೆಯಲ್ಲಿ ಸತ್ಯಾಂಶವಿತ್ತು.

ಮುಚ್ಚಿದ ಬಾಗಿಲು

1944ರ ಸೆಪ್ಟೆಂಬರಿನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಹೈಡ್ ಪಾರ್ಕಿನಲ್ಲಿ ಇನ್ನೊಂದು ಟಿಪ್ಪಣಿಗೆ ಸಹಿ ಹಾಕಿದರು. ಯುದ್ಧ ಮುಗಿದ ಮೇಲೂ ಅಣು ಸಹಕಾರ ಮುಂದುವರಿಯಬೇಕು ಎಂದು ಅದರಲ್ಲಿತ್ತು. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಅನಂತರ ಹುಡುಕಿದರೆ ಅಮೆರಿಕದವರ ಬಳಿ ಇದ್ದ ಪ್ರತಿ ಸಿಗಲೇ ಇಲ್ಲ! ಬ್ರಿಟನ್ ತನ್ನ ಅಣು ಯೋಜನೆಗೆ ಗುಟ್ಟಿಗೆಂದು "ಟ್ಯೂಬ್ ಅಲಾಯ್ಸ್" ಎಂದು ಹೆಸರಿಟ್ಟಿತ್ತು. ಕೊಳವೆಗೆ ಬಳಸುವ ಮಿಶ್ರಲೋಹ ಎಂದು ಅದರ ಅರ್ಥ. ಯಾರೋ ಅದನ್ನು ಹಡಗಿನ ಸಾಮಾನಿನ ವಿಷಯವೆಂದು ತಿಳಿದು ನೌಕಾಪಡೆಯ ಕಾಗದಗಳಲ್ಲಿ ಸೇರಿಸಿಬಿಟ್ಟಿದ್ದರು. ಇಬ್ಬರು ನಾಯಕರ ಸ್ನೇಹದ ಮೇಲೆ ನಿಂತ ಒಪ್ಪಂದ ಒಬ್ಬರ ಸಾವಿನೊಡನೆ ಹೀಗೆ ಕಡತದಲ್ಲಿ ಹೂತುಹೋಯಿತು.

ಲೆಂಡ್-ಲೀಸ್ ನೆರವನ್ನೂ ಜಪಾನ್ ಶರಣಾದ ಕೂಡಲೇ ಅಮೆರಿಕ ನಿಲ್ಲಿಸಿತು. ದಿವಾಳಿಯ ಅಂಚಿನಲ್ಲಿದ್ದ ಬ್ರಿಟನ್ 375 ಕೋಟಿ ಡಾಲರನ್ನು ಶೇಕಡ 2ರ ಬಡ್ಡಿಗೆ ಸಾಲ ತರಬೇಕಾಯಿತು. ಆ ಸಾಲದ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಅಷ್ಟರಲ್ಲಿ, 1946ರ ಆಗಸ್ಟ್ 1ರಂದು, ಅಧ್ಯಕ್ಷ ಟ್ರೂಮನ್ ಮ್ಯಾಕ್‌ಮೋಹನ್ ಕಾಯಿದೆಗೆ ಸಹಿ ಹಾಕಿದ್ದರು. ಅಣ್ವಸ್ತ್ರದ ಮಾಹಿತಿಯನ್ನು ಯಾವ ಹೊರದೇಶಕ್ಕೂ ಕೊಡಕೂಡದೆಂದು ಈ ಕಾಯಿದೆ ವಿಧಿಸಿತು. ಬಾಂಬು ಕಟ್ಟಲು ಕೈಜೋಡಿಸಿದ ಬ್ರಿಟನ್ನೂ ಹೊರದೇಶಗಳ ಸಾಲಿಗೆ ಸೇರಿತು. ಕಾಯಿದೆ ಮಾಡಿದ ಸೆನೆಟರುಗಳಲ್ಲಿ ಹೆಚ್ಚಿನವರಿಗೆ ಕ್ವಿಬೆಕ್ ಒಪ್ಪಂದ ಎಂಬುದೊಂದಿದೆ ಎಂದೇ ತಿಳಿದಿರಲಿಲ್ಲ. ರಹಸ್ಯ ಅಷ್ಟು ಬಿಗಿಯಾಗಿತ್ತು. 1947ರಲ್ಲಿ ಕೆಲವು ಹಿರಿಯ ಸೆನೆಟರುಗಳಿಗೆ ವಿಷಯ ತಿಳಿದಾಗ ಅವರು ಬೆಚ್ಚಿದರು. ನಮ್ಮ ಬಾಂಬನ್ನು ಬಳಸಲು ಲಂಡನ್ನಿನ ಅಪ್ಪಣೆ ಬೇಕೇ? 1948ರ ಜನವರಿಯ ಹೊಸ ಏರ್ಪಾಡಿನಲ್ಲಿ ಬ್ರಿಟನ್ ಆ ಹಕ್ಕನ್ನು ಬಿಟ್ಟುಕೊಟ್ಟಿತು. ಬದಲಿಗೆ ಅದಕ್ಕೆ ಸಿಕ್ಕಿದ್ದು ಕೆಲವು ವಿಷಯಗಳಲ್ಲಿ ಅಲ್ಪಸ್ವಲ್ಪ ಮಾಹಿತಿ.

ನನ್ನ ದೃಷ್ಟಿಯಲ್ಲಿ ಬ್ರಿಟನ್ ಮಾಡಿದ ಅತಿ ನಷ್ಟದ ವ್ಯಾಪಾರ ಇದು. ವಿಪರ್ಯಾಸ ನೋಡಿ: ಅದೇ 1948ರ ಬೇಸಿಗೆಯಲ್ಲಿ ಬರ್ಲಿನ್ ದಿಗ್ಬಂಧನದ ಸಂದರ್ಭದಲ್ಲಿ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಇಂಗ್ಲೆಂಡಿನ ನೆಲೆಗಳಿಗೆ ಬಂದಿಳಿದವು. ಸೋವಿಯತ್ ಒಕ್ಕೂಟದೊಡನೆ ಯುದ್ಧವಾದರೆ ಆ ನೆಲೆಗಳ ಮೇಲೆ ಮೊದಲ ಪೆಟ್ಟು ಬೀಳುವುದು ಖಂಡಿತ. ಹಕ್ಕು ಕೈಬಿಟ್ಟು ಆರು ತಿಂಗಳಾಗಿತ್ತು, ಅಪಾಯ ಅಂಗಳಕ್ಕೆ ಬಂದಿತ್ತು. ಆ ನೆಲೆಗಳನ್ನು ಬಳಸುವುದು "ಆಗಿನ ಪರಿಸ್ಥಿತಿಗೆ ಅನುಗುಣವಾಗಿ" ಜಂಟಿ ತೀರ್ಮಾನದ ವಿಷಯ ಎಂಬ ಹೇಳಿಕೆಯನ್ನು ಪಡೆಯಲು ಬ್ರಿಟನ್ 1952ರ ಜನವರಿಯವರೆಗೆ ಕಾಯಬೇಕಾಯಿತು. ಆಗಿನ ಪರಿಸ್ಥಿತಿ ಎಂದರೇನು ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಬ್ರಿಟನ್ ತನ್ನದೇ ಬಾಂಬು ಮಾಡಲು ಹೊರಟದ್ದು ಈ ಹಿನ್ನೆಲೆಯಲ್ಲಿ. 1946ರ ಅಕ್ಟೋಬರ್ 25ರಂದು ಪ್ರಧಾನಿ ಆಟ್ಲಿ ಅವರ ಮನೆಯಲ್ಲಿ ಸೇರಿದ ಪುಟ್ಟ ಸಭೆಯಲ್ಲಿ ಹಣಕಾಸಿನ ಹೊಣೆಯ ಸಚಿವರು ಇಷ್ಟು ಖರ್ಚು ತಾಳಲಾರೆವು ಎಂದು ವಾದಿಸುತ್ತಿದ್ದರು. ಅಷ್ಟರಲ್ಲಿ ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್ ಬಂದರು. ಮಧ್ಯಾಹ್ನದ ಊಟದ ನಂತರ ಜೊಂಪು ಹತ್ತಿ ತಡವಾಗಿತ್ತಂತೆ. ಅಮೆರಿಕದ ವಿದೇಶಾಂಗ ಸಚಿವ ಬರ್ನ್ಸ್ ತಮ್ಮೊಡನೆ ಮಾತನಾಡಿದ ರೀತಿಯಲ್ಲಿ ಬ್ರಿಟನ್ನಿನ ಇನ್ನಾವ ವಿದೇಶಾಂಗ ಸಚಿವನೊಡನೆಯೂ ಯಾರೂ ಮಾತನಾಡಬಾರದು, ಎಷ್ಟೇ ಖರ್ಚಾಗಲಿ ಈ ವಸ್ತು ನಮಗೆ ಬೇಕು, ಅದರ ಮೇಲೆ ನಮ್ಮ ಬಾವುಟ ಇರಬೇಕು ಎಂದು ಅವರು ಪಟ್ಟು ಹಿಡಿದರು. ಗಮನಿಸಿ: ಬೆವಿನ್ ಮಾತಿನಲ್ಲಿ ಅಂದು ಶತ್ರು ರಷ್ಯದ ಹೆಸರು ಮುಂದೆ ಬರಲಿಲ್ಲ, ಮಿತ್ರ ಅಮೆರಿಕದ ಹೆಸರು ಬಂದಿತು. ಬಾಂಬು ಮಾಡುವ ತೀರ್ಮಾನ 1947ರ ಜನವರಿಯಲ್ಲಿ ಆರೇಳು ಸಚಿವರ ನಡುವೆಯೇ ಆಗಿಹೋಯಿತು. ಸುಮಾರು 10 ಕೋಟಿ ಪೌಂಡು ವೆಚ್ಚವನ್ನು ಪಾರ್ಲಿಮೆಂಟಿನ ಕಣ್ಣಿಗೆ ಬೀಳದಂತೆ ಲೆಕ್ಕದಲ್ಲಿ ಅಡಗಿಸಲಾಯಿತು.

ಸಹಕಾರದ ಆಸೆ ಆಗಾಗ ಚಿಗುರುತ್ತಿತ್ತು. 1950ರ ಫೆಬ್ರವರಿಯಲ್ಲಿ ಕ್ಲೌಸ್ ಫುಕ್ಸ್ ಬಂಧನವಾದಾಗ ಅದೂ ಬಾಡಿತು. ಲಾಸ್ ಅಲಮೋಸಿನ ರಹಸ್ಯಗಳನ್ನು ಅವರು ಸೋವಿಯತ್ ಒಕ್ಕೂಟಕ್ಕೆ ಕೊಟ್ಟಿದ್ದರು. ಬ್ರಿಟಿಷರಿಗೆ ಗುಟ್ಟು ಕಾಪಾಡಲು ಬರುವುದಿಲ್ಲ ಎಂದು ಹೇಳುವ ಸರದಿ ಈಗ ಅಮೆರಿಕನ್ನರದಾಯಿತು. ಕೊನೆಗೆ ಪೆನ್ನಿ ಅವರ ತಂಡ ತಾನೇ ಬಾಂಬು ತಯಾರಿಸಿ 1952ರ ಅಕ್ಟೋಬರ್ 3ರಂದು ಆಸ್ಟ್ರೇಲಿಯದ ವಾಯವ್ಯ ಕರಾವಳಿಯಾಚೆಯ ಮಾಂಟೆ ಬೆಲ್ಲೋ ದ್ವೀಪಗಳಲ್ಲಿ ಸಿಡಿಸಿತು. ಒಂದು ತಿಂಗಳೂ ಕಳೆಯಲಿಲ್ಲ, ನವೆಂಬರ್ 1ರಂದು ಅಮೆರಿಕ ಅದಕ್ಕಿಂತ ನೂರಾರು ಪಟ್ಟು ಶಕ್ತಿಯ ಜಲಜನಕ ಸಾಧನವನ್ನು ಸಿಡಿಸಿ ಓಟವನ್ನು ಮತ್ತೆ ಮೊದಲಿಗೆ ತಂದಿತು.

ಸೂಯೆಜ್ ಕಲಿಸಿದ್ದು

1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಗುಟ್ಟಾಗಿ ಸಂಚು ಹೂಡಿ ಅಕ್ಟೋಬರ್ ಕೊನೆಯಲ್ಲಿ ಈಜಿಪ್ಟಿನ ಮೇಲೆ ಬಿದ್ದವು. ಅಮೆರಿಕಕ್ಕೆ ಮೊದಲೇ ತಿಳಿಸಿರಲಿಲ್ಲ. ಯುದ್ಧಕಾಲದಲ್ಲಿ ಬ್ರಿಟಿಷ್ ಸೇನೆಯನ್ನೂ ನಡೆಸಿದ್ದ ಐಸೆನ್‌ಹೋವರ್ ಆಗ ಅಮೆರಿಕದ ಅಧ್ಯಕ್ಷರು. ಅವರು ಒಂದು ಗುಂಡನ್ನೂ ಹಾರಿಸಲಿಲ್ಲ. ಪೌಂಡಿನ ಮೌಲ್ಯ ಕುಸಿಯುತ್ತಿತ್ತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ ಹಣ ಬೇಕಾದರೆ ಮೊದಲು ಯುದ್ಧ ನಿಲ್ಲಿಸಿ ಎಂದರು, ಅಷ್ಟೆ. ನವೆಂಬರ್ 6ರಂದು ಬ್ರಿಟನ್ ಕದನವಿರಾಮ ಒಪ್ಪಿತು. ಪ್ರಧಾನಿ ಈಡನ್ ಜನವರಿಯಲ್ಲಿ ರಾಜೀನಾಮೆ ಕೊಟ್ಟರು.

ಒಂದೇ ಪೆಟ್ಟಿನಿಂದ ಎರಡು ದೇಶಗಳು ಎರಡು ಪಾಠ ಕಲಿತವು. ಅಮೆರಿಕವನ್ನು ನಂಬಿ ಕೂರಬಾರದು, ಅಸ್ತ್ರ ಪೂರ್ತಿ ನಮ್ಮದೇ ಆಗಿರಬೇಕು ಎಂದು ಫ್ರಾನ್ಸ್ ತೀರ್ಮಾನಿಸಿತು. ಅಮೆರಿಕವನ್ನು ಇನ್ನೆಂದೂ ಹೀಗೆ ಎದುರು ಹಾಕಿಕೊಳ್ಳಬಾರದು ಎಂದು ಬ್ರಿಟನ್ ತೀರ್ಮಾನಿಸಿತು. ಹೊಸ ಪ್ರಧಾನಿ ಮ್ಯಾಕ್‌ಮಿಲನ್ ಮುರಿದ ಸಂಬಂಧಕ್ಕೆ ತೇಪೆ ಹಾಕಲು ಹೊರಟರು. 60 ಥಾರ್ ಕ್ಷಿಪಣಿಗಳು ಇಂಗ್ಲೆಂಡಿಗೆ ಬಂದವು. ಅವುಗಳ ವ್ಯವಸ್ಥೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು: ಪ್ರತಿಯೊಂದಕ್ಕೂ ಎರಡು ಕೀಲಿಕೈಗಳಿದ್ದವು. ಕ್ಷಿಪಣಿ ಹಾರಿಸುವ ಕೀಲಿ ಬ್ರಿಟಿಷ್ ಅಧಿಕಾರಿಯ ಬಳಿ, ಸಿಡಿತಲೆಯನ್ನು ಜೀವಂತಗೊಳಿಸುವ ಕೀಲಿ ಅಮೆರಿಕದ ಅಧಿಕಾರಿಯ ಬಳಿ. ಇಬ್ಬರೂ ತಿರುಗಿಸದೆ ಏನೂ ಆಗದು. ಬ್ಯಾಂಕಿನ ಲಾಕರನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಬ್ರಿಟನ್ನಿನ ನಿಜವಾದ ಗುರಿ ಮ್ಯಾಕ್‌ಮೋಹನ್ ಕಾಯಿದೆಯ ಗೋಡೆಯನ್ನು ಒಡೆಯುವುದು. ಅದಕ್ಕೆ ತಾನೂ ಜಲಜನಕ ಬಾಂಬು ಮಾಡಬಲ್ಲೆ ಎಂದು ತೋರಿಸಬೇಕಿತ್ತು. ಈ ಅವಸರಕ್ಕೆ ಬೆಲೆ ತೆತ್ತವರಲ್ಲಿ ಸಾಮಾನ್ಯ ರೈತರೂ ಇದ್ದರು. ಬಾಂಬಿನ ಸಾಮಗ್ರಿ ತಯಾರಿಸುತ್ತಿದ್ದ ವಿಂಡ್‌ಸ್ಕೇಲ್ ಅಣುಸ್ಥಾವರದಲ್ಲಿ 1957ರ ಅಕ್ಟೋಬರ್ 10ರಂದು ಬೆಂಕಿ ಹೊತ್ತಿಕೊಂಡಿತು. ವಿಕಿರಣಶೀಲ ಅಯೋಡಿನ್ ಸುತ್ತಲಿನ ಹುಲ್ಲುಗಾವಲಿನ ಮೇಲೆ ಬಿದ್ದು, ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಬೇಕಾಯಿತು. ಪೆನ್ನಿ ಅವರು ನಡೆಸಿದ ತನಿಖೆಯ ಪೂರ್ಣ ವರದಿಯನ್ನು ಮ್ಯಾಕ್‌ಮಿಲನ್ ಹೊರಬಿಡಲಿಲ್ಲ. ಬ್ರಿಟಿಷರ ಕೆಲಸದ ಮೇಲೆ ಅಮೆರಿಕನ್ನರಿಗೆ ವಿಶ್ವಾಸ ಹೋದೀತು ಎಂಬ ಭಯ. ಆ ವರದಿ ಬೆಳಕು ಕಂಡದ್ದು 30 ವರ್ಷಗಳ ಮೇಲೆ, 1988ರಲ್ಲಿ.

ಸೋವಿಯತ್ ಒಕ್ಕೂಟ ಅದೇ ತಿಂಗಳು ಸ್ಪುಟ್ನಿಕ್ ಹಾರಿಸಿ ಅಮೆರಿಕವನ್ನೂ ನಡುಗಿಸಿತ್ತು. ನವೆಂಬರಿನಲ್ಲಿ ಪೆಸಿಫಿಕ್ ಸಾಗರದ ಕ್ರಿಸ್‌ಮಸ್ ದ್ವೀಪದ ಬಳಿ ಬ್ರಿಟನ್ನಿನ ಮೆಗಾಟನ್ ಬಾಂಬು ಯಶಸ್ವಿಯಾಗಿ ಸಿಡಿಯಿತು. ಎರಡೂ ಕಾರಣ ಕೂಡಿ ಬಂದು ಅಮೆರಿಕ ಕಾಯಿದೆಯನ್ನು ತಿದ್ದಿತು. 1958ರ ಜುಲೈ 3ರಂದು ಪರಸ್ಪರ ರಕ್ಷಣಾ ಒಪ್ಪಂದ ಆಯಿತು. ಅಣ್ವಸ್ತ್ರದ ವಿನ್ಯಾಸ, ಸಾಮಗ್ರಿ, ಜಲಾಂತರ್ಗಾಮಿಯ ಅಣು ಎಂಜಿನ್ ಇವೆಲ್ಲ ಹಂಚಿಕೆಗೆ ಬಂದವು. ಹಲವು ಬಾರಿ ನವೀಕರಣಗೊಂಡ ಈ ಒಪ್ಪಂದಕ್ಕೆ 2024ರ ತಿದ್ದುಪಡಿಯಲ್ಲಿ ಕಾಲಮಿತಿಯನ್ನೇ ತೆಗೆದುಹಾಕಲಾಯಿತು.

ಹಾರದ ಕ್ಷಿಪಣಿ

ಗೋಡೆ ಒಡೆಯಿತು, ಆದರೆ ಹಂಗು ಬೆಳೆಯಿತು. ದುಬಾರಿಯಾದ ತನ್ನ ಬ್ಲೂ ಸ್ಟ್ರೀಕ್ ಕ್ಷಿಪಣಿಯನ್ನು 1960ರಲ್ಲಿ ಕೈಬಿಟ್ಟ ಬ್ರಿಟನ್, ಅಮೆರಿಕ ತಯಾರಿಸುತ್ತಿದ್ದ ಸ್ಕೈಬೋಲ್ಟ್ ಎಂಬ, ವಿಮಾನದಿಂದ ಹಾರಿಸುವ ಕ್ಷಿಪಣಿಯನ್ನು ಕೊಳ್ಳಲು ಒಪ್ಪಿತು. ಅದೇ ಕಾಲದಲ್ಲಿ ಸ್ಕಾಟ್‌ಲೆಂಡಿನ ಹೋಲಿ ಲಾಕ್ ಎಂಬಲ್ಲಿ ಅಮೆರಿಕದ ಪೊಲಾರಿಸ್ ಜಲಾಂತರ್ಗಾಮಿಗಳಿಗೆ ನೆಲೆ ಕೊಟ್ಟಿತು. ಸ್ಕೈಬೋಲ್ಟಿನ ಮೊದಲ ಪರೀಕ್ಷೆಗಳು ಒಂದಾದ ಮೇಲೊಂದು ವಿಫಲವಾದವು. ಖರ್ಚು ಏರಿತು. ಅಮೆರಿಕದ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರಾ ಅದನ್ನು ನಿಲ್ಲಿಸಲು ನಿರ್ಧರಿಸಿದರು. ಅವರಿಗೆ ಅದು ಹಲವು ಅಸ್ತ್ರಗಳಲ್ಲಿ ಒಂದು. ಬ್ರಿಟನ್ನಿಗೆ ಅದೊಂದೇ ಆಸರೆ.

1962ರ ಡಿಸೆಂಬರ್ ಬ್ರಿಟನ್ನಿಗೆ ಮುಜುಗರದ ತಿಂಗಳು. ಸಾಮ್ರಾಜ್ಯ ಕಳೆದುಕೊಂಡ ಬ್ರಿಟನ್ನಿಗೆ ಇನ್ನೂ ಹೊಸ ಪಾತ್ರ ಸಿಕ್ಕಿಲ್ಲವೆಂದು ಅಮೆರಿಕದ ಮಾಜಿ ವಿದೇಶಾಂಗ ಸಚಿವ ಅಚೆಸನ್ 5ರಂದು ಭಾಷಣದಲ್ಲಿ ಚುಚ್ಚಿದರು. 18ರಿಂದ 21ರವರೆಗೆ ಬಹಾಮಾ ದ್ವೀಪಗಳ ನಸ್ಸಾವಿನಲ್ಲಿ ಮ್ಯಾಕ್‌ಮಿಲನ್ ಮತ್ತು ಅಧ್ಯಕ್ಷ ಕೆನಡಿ ಭೇಟಿಯಾದರು. ಮ್ಯಾಕ್‌ಮಿಲನ್ ಹಳೆಯ ಋಣವನ್ನೆಲ್ಲ ನೆನಪಿಸಿದರು: ಟಿಪ್ಪಣಿ ಬರೆದವರು ನಾವು, ಗುಟ್ಟು ಕೊಟ್ಟವರು ನಾವು, ಹೋಲಿ ಲಾಕ್ ಕೊಟ್ಟವರೂ ನಾವು ಎಂಬ ಧಾಟಿಯಲ್ಲಿ. ಕೆನಡಿ ಮಣಿದು, ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿಗಳನ್ನು ಮಾರಲು ಒಪ್ಪಿದರು. ಬ್ರಿಟನ್ ಅವನ್ನು ನ್ಯಾಟೋ ಕೂಟದ ರಕ್ಷಣೆಗೆ ಮೀಸಲಿಡಬೇಕು. ತನ್ನ "ಪರಮ ರಾಷ್ಟ್ರೀಯ ಹಿತಾಸಕ್ತಿ" ಅಪಾಯದಲ್ಲಿದ್ದಾಗ ಮಾತ್ರ ಸ್ವಂತ ತೀರ್ಮಾನದಂತೆ ಬಳಸಬಹುದು. ತಮಾಷೆಯೆಂದರೆ ಸಭೆ ಮುಗಿದ ಮರುದಿನ, 22ರಂದು, ಸ್ಕೈಬೋಲ್ಟಿನ ಕೊನೆಯ ಪರೀಕ್ಷೆ ಯಶಸ್ವಿಯಾಯಿತು! ತಮಾಷೆಯಲ್ಲದ್ದು ಇನ್ನೊಂದು. 1963ರ ಜನವರಿ 14ರಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಯೂರೋಪಿನ ಸಾಮಾನ್ಯ ಮಾರುಕಟ್ಟೆಗೆ ಬ್ರಿಟನ್ ಸೇರುವುದನ್ನು ತಡೆದರು. ಅಮೆರಿಕದ ನೆರಳಿನಲ್ಲಿರುವ ದೇಶ ಯೂರೋಪಿಗೆ ಹೇಗೆ ಸೇರೀತು ಎಂಬುದು ಅವರ ವಾದ.

ಈ ಹಂಗಿನಲ್ಲೂ ಬ್ರಿಟನ್ "ಬೇಡ" ಎಂದದ್ದುಂಟು. ಅಧ್ಯಕ್ಷ ಜಾನ್ಸನ್ ಎಷ್ಟು ಒತ್ತಾಯಿಸಿದರೂ ಪ್ರಧಾನಿ ವಿಲ್ಸನ್ ವಿಯೆಟ್ನಾಮಿಗೆ ಸೈನ್ಯ ಕಳಿಸಲಿಲ್ಲ. 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಅಮೆರಿಕದ ಸರ್ಕಾರದೊಳಗೇ ಅರ್ಜೆಂಟೀನದ ಪರ ಒಲವಿದ್ದವರಿದ್ದರು. ರಕ್ಷಣಾ ಕಾರ್ಯದರ್ಶಿ ವೈನ್‌ಬರ್ಗರ್ ಮಾತ್ರ ಇಂಧನ, ಸೈಡ್‌ವೈಂಡರ್ ಕ್ಷಿಪಣಿಗಳನ್ನು ಧಾರಾಳವಾಗಿ ಒದಗಿಸಿದರು. ಮರುವರ್ಷವೇ ಕಾಮನ್‌ವೆಲ್ತ್ ಸದಸ್ಯ ದೇಶವಾದ ಗ್ರೆನಡಾ ದ್ವೀಪದ ಮೇಲೆ ಅಮೆರಿಕ ಸೈನ್ಯ ಇಳಿಸಿದಾಗ, ಆಪ್ತ ಮಿತ್ರರೆನಿಸಿದ ಥ್ಯಾಚರ್ ಅವರ ಆಕ್ಷೇಪಕ್ಕೆ ರೇಗನ್ ಕಿವಿಗೊಡಲಿಲ್ಲ.

ಉತ್ತರ, ಮತ್ತು ಅದರ ಬೆಲೆ

ಈಗ ಮೊದಲಿನ ಪ್ರಶ್ನೆ. ಟ್ರೈಡೆಂಟ್ ಹಾರಿಸಲು ಆಜ್ಞೆ ಕೊಡುವ ಅಧಿಕಾರ ಬ್ರಿಟನ್ನಿನ ಪ್ರಧಾನಿಯದು ಮಾತ್ರ. ಥಾರ್ ಕ್ಷಿಪಣಿಗಿದ್ದಂತೆ ಅಮೆರಿಕದ ಕೈಯಲ್ಲಿ ಎರಡನೆಯ ಕೀಲಿಕೈ ಇಲ್ಲ. ಹೊಸ ಪ್ರಧಾನಿ ಅಧಿಕಾರಕ್ಕೆ ಬಂದ ಕೂಡಲೇ ಮಾಡಬೇಕಾದ ಕೆಲಸಗಳಲ್ಲೊಂದು ತಮ್ಮ ಕೈಬರಹದಲ್ಲಿ ನಾಲ್ಕು ಪತ್ರ ಬರೆಯುವುದು. ಶತ್ರುವಿನ ದಾಳಿಯಲ್ಲಿ ಸರ್ಕಾರವೇ ನಾಶವಾದರೆ ಏನು ಮಾಡಬೇಕೆಂದು ನಾಲ್ಕು ಜಲಾಂತರ್ಗಾಮಿಗಳ ಕಮಾಂಡರುಗಳಿಗೆ ಬರೆದ ಆ ಪತ್ರಗಳು ನೌಕೆಯ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತವೆ. ಪ್ರಧಾನಿ ಬದಲಾದಾಗ ಓದದೆಯೇ ಅವನ್ನು ನಾಶಪಡಿಸುತ್ತಾರೆ.

ಹಾಗಾದರೆ ಬ್ರಿಟನ್ ಸ್ವತಂತ್ರವೇ? ಇಂದು ಗುಂಡಿ ಒತ್ತುವುದಾದರೆ ಹೌದು. ಆದರೆ ಅಮೆರಿಕ ಕ್ಷಿಪಣಿಗಳ ದುರಸ್ತಿ, ಬಿಡಿಭಾಗ, ಪರೀಕ್ಷೆಗಳಿಗೆ ಬಾಗಿಲು ಮುಚ್ಚಿದರೆ ಈ ಅಸ್ತ್ರವನ್ನು ಬಹುಕಾಲ ಕಾಪಾಡಿಕೊಳ್ಳುವುದು ಬ್ರಿಟನ್ನಿಗೆ ಕಷ್ಟ. ಅಸ್ತ್ರ ಬಳಸುವ ಸ್ವಾತಂತ್ರ್ಯ ಒಂದು, ಅಸ್ತ್ರ ಉಳಿಸಿಕೊಳ್ಳುವ ಸ್ವಾತಂತ್ರ್ಯ ಇನ್ನೊಂದು. 1943ರಲ್ಲಿ ಬ್ರಿಟನ್ನಿಗೆ ಸ್ವಂತ ಬಾಂಬು ಇರಲಿಲ್ಲ, ಅಮೆರಿಕದ ಬಾಂಬಿನ ಮೇಲೆ ಹಕ್ಕಿತ್ತು. ಈಗ ಸ್ವಂತ ಬಾಂಬು ಇದೆ, ಅಮೆರಿಕದ ಬಾಂಬಿನ ಮೇಲೆ ಯಾವ ಹಕ್ಕೂ ಇಲ್ಲ.

ಪೊಲಾರಿಸ್ ವ್ಯವಹಾರದ ಒಂದು ಬಾಬತ್ತು ನಮ್ಮ ಸಾಗರಕ್ಕೂ ತಗುಲಿದೆ. ಕ್ಷಿಪಣಿಗಳ ಬೆಲೆಯ ಜೊತೆಗೆ, ಅವನ್ನು ರೂಪಿಸಿದ ಸಂಶೋಧನೆಯ ವೆಚ್ಚಕ್ಕೆಂದು ಬ್ರಿಟನ್ ಶೇಕಡ 5ರಷ್ಟು ಹೆಚ್ಚುವರಿ ಹಣ ತೆರಬೇಕಿತ್ತು. ಕನ್ಯಾಕುಮಾರಿಯಿಂದ ದಕ್ಷಿಣಕ್ಕೆ ಸುಮಾರು 1,800 ಕಿಲೋಮೀಟರ್ ದೂರದಲ್ಲಿ ಡಿಯಾಗೋ ಗಾರ್ಸಿಯಾ ಎಂಬ ಹವಳದ ದ್ವೀಪವಿದೆ, ಚಾಗೋಸ್ ದ್ವೀಪಸಮೂಹದ್ದು. ಮಾರಿಷಸ್ಸಿಗೆ ಸ್ವಾತಂತ್ರ್ಯ ಕೊಡುವ ಮುನ್ನ 1965ರಲ್ಲಿ ಬ್ರಿಟನ್ ಈ ದ್ವೀಪಗಳನ್ನು ಅದರಿಂದ ಬೇರ್ಪಡಿಸಿ ಇಟ್ಟುಕೊಂಡಿತು. 1966ರ ಡಿಸೆಂಬರ್ 30ರಂದು ಅಮೆರಿಕಕ್ಕೆ ಸೇನಾ ನೆಲೆಗಾಗಿ 50 ವರ್ಷಗಳ ಅವಧಿಗೆ ಒಪ್ಪಿಸಿತು. ಬಾಡಿಗೆ ಇರಲಿಲ್ಲ. ಆದರೆ ಪೊಲಾರಿಸ್ ಹೆಚ್ಚುವರಿ ಹಣದಲ್ಲಿ 1 ಕೋಟಿ 40 ಲಕ್ಷ ಡಾಲರುಗಳವರೆಗೆ ಅಮೆರಿಕ ಗುಟ್ಟಾಗಿ ಮಾಫಿ ಮಾಡಿತ್ತು.

ಆ ದ್ವೀಪಗಳು ಬರಿದಾಗಿರಲಿಲ್ಲ. ತೆಂಗಿನ ತೋಟಗಳಲ್ಲಿ ದುಡಿಯುತ್ತ, ಮೀನು ಹಿಡಿಯುತ್ತ ತಲೆಮಾರುಗಳಿಂದ ಬಾಳಿದ ಸುಮಾರು 1,500ರಿಂದ 2,000 ಜನ ಅಲ್ಲಿದ್ದರು. 1968ರಿಂದ 1973ರೊಳಗೆ ಅವರೆಲ್ಲರನ್ನೂ ಹೊರಡಿಸಿ ಮಾರಿಷಸ್ ಮತ್ತು ಸೀಷೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ, 2001ರ ನಂತರ ಆಫ್ಘಾನಿಸ್ತಾನದ ಮೇಲೆ, 2003ರಲ್ಲಿ ಇರಾಕಿನ ಮೇಲೆ ಅಮೆರಿಕದ ಬಾಂಬರುಗಳು ಇಲ್ಲಿಂದಲೇ ಹಾರಿದವು. ಚಾಗೋಸ್ ಮೇಲಿನ ಆಡಳಿತವನ್ನು ಬ್ರಿಟನ್ ಬಿಟ್ಟುಕೊಡಬೇಕೆಂದು ಅಂತಾರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯಪಟ್ಟಿತು. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಸಹಿ ಮಾಡಿದ ಒಪ್ಪಂದದ ಪ್ರಕಾರ ಒಡೆತನ ಮಾರಿಷಸ್ಸಿಗೆ ಸಲ್ಲತಕ್ಕದ್ದು, ಸೇನಾ ನೆಲೆ 99 ವರ್ಷ ಮುಂದುವರಿಯತಕ್ಕದ್ದು. ಹೊರಟುಹೋದವರು ಮತ್ತು ಅವರ ಮಕ್ಕಳು ಮರಳಿ ನೆಲೆಸಲು ಅದರಲ್ಲಿ ಅವಕಾಶವಿದೆ, ಡಿಯಾಗೋ ಗಾರ್ಸಿಯಾ ಒಂದನ್ನು ಬಿಟ್ಟು ಉಳಿದ ದ್ವೀಪಗಳಲ್ಲಿ.